ಶರ್ಕ್‌ನ ಖಾಲಿ ಆಫೀಸು

ಧೈರ್ಯದ ವಿಷಯದಲ್ಲಿ ನಾನು ಸಭೆಯೊಳಗೆ ಒಂದು ಥರ, ಹೊರಗೆ ಇನ್ನೊಂದು ಥರ. ನಾಲ್ಕು ಜನರ ಎದುರು ಯಾವ ಕಂಪನಿಯ ಬಗ್ಗೆ ಬೇಕಾದರೂ ಗಟ್ಟಿ ದನಿಯಲ್ಲಿ ಮಾತಾಡಬಲ್ಲೆ. ಒಬ್ಬಳೇ ಇದ್ದರೆ ಫ್ರಿಜ್ಜು ಗುರ್ರೆಂದರೂ ದೀಪ ಹಾಕುತ್ತೇನೆ. ನಮ್ಮ ಯೂನಿವರ್ಸಿಟಿಯ ಹೂಡಿಕೆ ನಿಧಿಗೆ ನನ್ನನ್ನು ಸೇರಿಸಿಕೊಂಡದ್ದು ಆ ಗಟ್ಟಿ ದನಿಯನ್ನಷ್ಟೇ ಕೇಳಿ. ಈ ನಿಧಿಯನ್ನು ನಡೆಸುವವರು ವಿದ್ಯಾರ್ಥಿಗಳೇ. ಯೂನಿವರ್ಸಿಟಿ ದುಡ್ಡು ಕೊಡುತ್ತದೆ; ಯಾವ ಷೇರು ಕೊಳ್ಳಬೇಕೆಂದು ನಾವು ಜಗಳವಾಡಿ, ಕೈಯೆತ್ತಿ ತೀರ್ಮಾನಿಸುತ್ತೇವೆ. ಅಮ್ಮ ಮಾತ್ರ ಕುವೈತಿನಲ್ಲಿ ನಾವಿರುವ ಫಿಂಟಾಸ್‌ನಲ್ಲಿ ಸಿಕ್ಕಿದವರಿಗೆಲ್ಲ "ನಮ್ಮ ಮಗಳದ್ದು ಬ್ಯಾಂಕ್" ಎಂದೇ ಹೇಳಿಕೊಂಡು ಬಂದಿದ್ದಾಳೆ.

ಶೀತಲ ಗೋದಾಮುಗಳ ಒಂದು ಕಂಪನಿಯ ಷೇರು ಕೊಳ್ಳೋಣವೆಂದು ವಾದಿಸಿದವಳು ನಾನು. ನಿಧಿಯ ಅಧ್ಯಕ್ಷ ಫಹದ್, "ಯಲ್ಲಾ, ಹೊರಡು, ಮೊದಲು ಅವರ ಆಫೀಸು ನೋಡಿ ಬಾ" ಎಂದು ನಿಧಿಯಲ್ಲೇ ಇರುವ ನನ್ನ ಗೆಳತಿ ಮೆಲಿಶಾಳನ್ನೂ ಜೊತೆಗೆ ಅಟ್ಟಿದ. ನಮ್ಮದು ತುಳು ಮನೆ, ಅವಳದು ಕೊಂಕಣಿ. ಆದ್ದರಿಂದ ನಾವಿಬ್ಬರೂ ಹರಟುವುದು ಕನ್ನಡದಲ್ಲಿ. ಧೂಳೆದ್ದು, ಆಫೀಸುಗಳೇ ತುಂಬಿದ ಶರ್ಕ್‌ನ ಎತ್ತರದ ಕಟ್ಟಡಗಳೆಲ್ಲ ಅರ್ಧಕ್ಕೇ ಮುಗಿದಂತೆ ಕಾಣುತ್ತಿದ್ದ ಮಧ್ಯಾಹ್ನ ಅದು. ಮೇಲೆ ಹೋಗಿ ಗಾಜಿನ ಬಾಗಿಲು ತಳ್ಳಿದೆವು. ಒಳಗಿಂದ ಒಂದು ಹೆಣ್ಣುದನಿ ಬಹಳ ಅಕ್ಕರೆಯಿಂದ ಬನ್ನಿ, ಕೂತುಕೊಳ್ಳಿ ಎಂದಿತು.

ಕೂತೆವು. ಯಾರೂ ಬರಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಒಳಗೆ ಇಣುಕಿದರೆ ಸಾಲು ಸಾಲು ಮೇಜು, ಎಲ್ಲ ಕಂಪ್ಯೂಟರುಗಳೂ ಚಾಲೂ, ಚಹಾದ ಲೋಟಗಳಿಂದ ಹಬೆ ಏಳುತ್ತಿದೆ. ಒಂದು ಕುರ್ಚಿ ಈಗಷ್ಟೇ ಯಾರೋ ಎದ್ದಂತೆ ನಿಧಾನವಾಗಿ ತಿರುಗುತ್ತಿತ್ತು. ಒಂದು ನರಪಿಳ್ಳೆಯೂ ಇರಲಿಲ್ಲ.

"ಪಾಪ, ತುಳುವರು ಕಾಣ್ತದೆ. 'ಬಲೆ, ಕುಲ್ಲುಲೆ' ಅಂತ ಕರೆದು ಎಲ್ಲಿಗೆ ಹೋದ್ರು ಮಾರಾಯ್ತಿ?" ಎಂದೆ.

ಮೆಲಿಶಾ ನನ್ನ ತೋಳು ಹಿಡಿದಳು. "ತುಳು ಎಲ್ಲಿ? 'ಯೆಯಾ, ಬಸಾ' ಅಂದದ್ದಲ್ವಾ? ನಾನು ಕೊಂಕಣಿಯವರು ಅಂತ ಖುಷಿಪಟ್ಟದ್ದು."

ಇಬ್ಬರೂ ಮುಖ ಮುಖ ನೋಡಿಕೊಂಡೆವು. ಅಷ್ಟರಲ್ಲಿ ಪಕ್ಕದ ಮೇಜಿನ ಫೋನು ಹೊಡೆದುಕೊಂಡಿತು. ಅದರ ಸದ್ದು ನಿಲ್ಲಿಸಿದರೆ ಸಾಕೆಂದು ನಾನು ಎತ್ತಿದೆ. "ಅಲೋ? ಅಲೋ?" ಎಂದಿತು ಆ ಕಡೆಯ ಗಂಡುದನಿ. ನನ್ನಿಂದ ಉಸಿರು ಬಿಟ್ಟರೆ ಬೇರೇನೂ ಹೊರಡಲಿಲ್ಲ. ಫೋನು ಕುಕ್ಕಿ ಇಬ್ಬರೂ ಓಡಿದೆವು. ಲಿಫ್ಟಿಗೆ ಕಾಯುವ ತಾಳ್ಮೆ ಇಲ್ಲದೆ ಮೆಟ್ಟಿಲು ಹಿಡಿದೆವು.

ಮರುದಿನದ ಸಭೆಯಲ್ಲಿ "ಅಲ್ಲಿ ಜನವೇ ಇಲ್ಲ" ಎಂದು ವರದಿ ಕೊಟ್ಟೆ.

"ಇದ್ದಾರೆ," ಎಂದ ಫಹದ್, ದನಿ ತಗ್ಗಿಸಿ. "ನೀವು ತಲುಪಿದ್ದೀರಾ ಎಂದು ಕೇಳಲು ಅಲ್ಲಿಗೆ ಫೋನ್ ಮಾಡಿದ್ದೆ. ಯಾರೋ ಎತ್ತಿದರು. ಮಾತಿಲ್ಲ, ಬರೀ ಉಸಿರು. ಸಾಯುವವರ ಉಸಿರು. ವಲ್ಲಾ, ದೇವರಾಣೆಗೂ ರಾತ್ರಿ ನನಗೆ ಊಟ ಸೇರಲಿಲ್ಲ."

"ಅದು ನಾನು," ಎಂದೆ. ಸಭೆ ಹತ್ತು ನಿಮಿಷ ನಕ್ಕಿತು. ಫಹದ್ ಮಾತ್ರ ನಗಲಿಲ್ಲ.

ಆಮೇಲೆ ಕಂಪನಿಯ ಮ್ಯಾನೇಜರ್ ತಾನಾಗಿಯೇ ಫಹದ್‌ಗೆ ಕರೆ ಮಾಡಿ ಕ್ಷಮೆ ಕೇಳಿದ. ಬೆಂಕಿ ಬಿದ್ದರೆ ಏನು ಮಾಡಬೇಕೆಂಬ ತಾಲೀಮು ನಾವು ಹೋದ ಹೊತ್ತಿಗೇ ಇತ್ತಂತೆ. ಧೂಳೆಂದು ಎಲ್ಲರನ್ನೂ ಪಕ್ಕದ ಕಟ್ಟಡದೊಳಗೆ ನಿಲ್ಲಿಸಿದ್ದರಂತೆ. "ಎಲ್ಲರನ್ನೂ?" ಎಂದು ಫಹದ್ ಕೇಳಿದ. "ಎಲ್ಲರನ್ನೂ. ಹಾಜರಿ ತೆಗೆದುಕೊಂಡೆವು." "ಹಾಗಾದರೆ ನಮ್ಮ ಹುಡುಗಿಯರನ್ನು ಕರೆದು ಕೂರಿಸಿದ ಹೆಂಗಸು?" ಮ್ಯಾನೇಜರ್, "ನಮ್ಮಲ್ಲಿ ಇರುವವರೆಲ್ಲ ಗಂಡಸರೇ" ಎಂದ.

ಇಷ್ಟಾದರೂ ಷೇರು ಕೊಂಡೆವು. ಶಿಸ್ತಿನ ಕಂಪನಿ ಎಂದು ಎಲ್ಲರೂ ಕೈಯೆತ್ತಿದರು. ಮೆಲಿಶಾ ಕಣ್ಣು ಮುಚ್ಚಿಕೊಂಡು ಎತ್ತಿದಳು. ಹೊಸ ಹೂಡಿಕೆದಾರರೆಂಬ ಮರ್ಯಾದೆಗೆ ಮ್ಯಾನೇಜರ್ ನಿಧಿಯ ಒಬ್ಬರಿಗೆ ತಮ್ಮ ಆಫೀಸಿನಲ್ಲಿ ಬೇಸಿಗೆಯ ತರಬೇತಿ ಕೊಡುತ್ತೇನೆಂದ. ಯಾರೆಂದು ಚರ್ಚೆಯೇ ಆಗಲಿಲ್ಲ, ಎಲ್ಲರೂ ನನ್ನ ಕಡೆ ತಿರುಗಿದರು. ಮನೆಯಲ್ಲಿ ಅಮ್ಮನಿಗೆ ನಡೆದದ್ದೆಲ್ಲ ಹೇಳಿದೆ. "ಎಂತ ಹೆದರ್ಲಿಕ್ಕೆ ಮಗಾ? ಅಷ್ಟು ಪ್ರೀತಿಯಲ್ಲಿ ಮಾತಾಡಿಸುವವರು ಈ ಕುವೈತಿನಲ್ಲಿ ಎಷ್ಟು ಜನ ಸಿಕ್ತಾರೆ?" ಎಂದು ಆಫೀಸಿಗೆಂದು ಹೊಸ ಚಪ್ಪಲಿ ಕೊಡಿಸಲು ಹೊರಟಳು.

ಮುಂದಿನ ವಾರ ಸೇರಬೇಕು. ಎಲ್ಲಿ ಕೂರುತ್ತೀರಿ ಎಂದು ಅವರು ಕೇಳಿದ್ದಾರೆ. ಗೋಡೆಗೆ ಬೆನ್ನು ಕೊಟ್ಟು ಕೂರುವ ಮೇಜಾದರೆ ಒಳ್ಳೆಯದು, ಇಡೀ ಕಂಪನಿಯ ವ್ಯವಹಾರ ಒಟ್ಟಿಗೆ ಗಮನಿಸಬಹುದು ಎಂದು ಗಟ್ಟಿ ದನಿಯಲ್ಲೇ ಹೇಳಿದ್ದೇನೆ.