ಭಾವ ಎಬ್ಬಿಸಿದ ಬೆನ್ನಿಲ್ಲದ ಪೇಟೆ

ನನ್ನ ಹೆಂಡತಿಯ ತಮ್ಮ ಶಿರಸಿ, ಸಿದ್ದಾಪುರ, ಯಲ್ಲಾಪುರ ಎಂಬ ಮೂರು ಪೇಟೆಗಳನ್ನು ಹಾಡಹಗಲೇ ಹೊತ್ತುಕೊಂಡು ಹೋಗಿದ್ದಾನೆ. ದೂರು ಕೊಡೋಣವೆಂದರೆ ಕಟ್ಟಡಗಳೆಲ್ಲ ಇದ್ದಲ್ಲೇ ಇವೆ!

ಮೂವತ್ತು ವರ್ಷ ಪಶು ಆಸ್ಪತ್ರೆಯಲ್ಲಿ ಕಂಪೌಂಡರನಾಗಿ ದನಗಳಿಗೆ ಬಿದಿರಿನ ಗೊಟ್ಟದಲ್ಲಿ ಔಷಧ ಕುಡಿಸಿದ ಈ ಮನುಷ್ಯ, ನಿವೃತ್ತನಾದ ಮೇಲೆ ಮರ್ಯಾದಸ್ಥರಂತೆ ಮಂಡಿನೋವನ್ನೋ ತಾಳಮದ್ದಳೆಯನ್ನೋ ಹಚ್ಚಿಕೊಳ್ಳಬಹುದಿತ್ತು. ಅದನ್ನು ಬಿಟ್ಟು, ರಸ್ತೆಯಲ್ಲಿ ನಿಂತು ಮೊಬೈಲಿನಿಂದ ಕಟ್ಟಡಗಳ ಫೋಟೋ ತೆಗೆಯುವುದು, ಅವನ್ನು ಕಂಪ್ಯೂಟರಿಗೆ ತಿನ್ನಿಸಿ ಅದರೊಳಗೆ ಅದೇ ಕಟ್ಟಡವನ್ನು ಉದ್ದ, ಅಗಲ, ಎತ್ತರ ಸಮೇತ ಎಬ್ಬಿಸುವುದು, ಇದು ಅವನು ಆಯ್ದುಕೊಂಡ ವಾನಪ್ರಸ್ಥ. ಬೆರಳಿನಿಂದ ತಳ್ಳಿದರೆ ಕಟ್ಟಡ ಬುಗುರಿಯಂತೆ ತಿರುಗುತ್ತದೆ. ಹಾಗೆ ತಿರುಗಬೇಕಾದ ಅಗತ್ಯ ಅದಕ್ಕೇನಿತ್ತು ಎಂದು ಯಾರೂ ಕೇಳಲಿಲ್ಲ. ನಾನು ಕೇಳಿದೆ. ನಮ್ಮ ಮನಸ್ತಾಪ ಶುರುವಾದದ್ದೇ ಅಲ್ಲಿಂದ.

ಅವನನ್ನು ನಾನು ಭಾವ ಎನ್ನುತ್ತೇನೆ. ಅವನೂ ನನ್ನನ್ನು ಭಾವ ಎನ್ನುತ್ತಾನೆ. ನಮ್ಮ ಕಡೆ ಸಂಬಂಧವೇ ಹಾಗೆ. ಮಾತೂ ಹಾಗೆ: ‘ಆನು’ ಎಂದರೆ ನಾನು, ‘ಯಂಗೆ’ ಎಂದರೆ ನನಗೆ. ರಸ್ತೆ ಅಗಲವಾಗಿ ಶಿರಸಿಯ ನಮ್ಮ ಮನೆಯ ಜಗುಲಿ ಬೀಳುವುದೆಂದು ಗೊತ್ತಾದಾಗ, ಅದು ಬೀಳುವ ಮೊದಲು ಫೋಟೋ ತೆಗೆಯಲು ಅವನು ಪಟ್ಟ ಪಾಡನ್ನೂ ತೆಗೆಯಗೊಡದಿರಲು ನಾನು ಪಟ್ಟ ಪಾಡನ್ನೂ ಇಲ್ಲಿ ನಿವೇದಿಸುತ್ತಿದ್ದೇನೆ. ತಪ್ಪು ಯಾರದೆಂದು ಓದುಗರೇ ತೀರ್ಮಾನಿಸಲಿ. ನಾನಂತೂ ತೀರ್ಮಾನಿಸಿಯಾಗಿದೆ.

ಈ ವಿದ್ಯೆಯಲ್ಲಿ ಒಂದು ಕಟ್ಟಡಕ್ಕೆ ಒಂದು ಫೋಟೋ ಸಾಲದಂತೆ. ಏಡಿಯ ಹಾಗೆ ಅಡ್ಡಡ್ಡ ಹೆಜ್ಜೆ ಹಾಕುತ್ತ, ಹೆಜ್ಜೆಗೊಂದರಂತೆ ಐವತ್ತು ಫೋಟೋ ತೆಗೆಯಬೇಕು. ಒಂದರಲ್ಲಿ ಕಂಡ ಕಿಟಕಿ ಮುಂದಿನದರಲ್ಲೂ ಕಾಣಬೇಕು. ಆಗ ಕಂಪ್ಯೂಟರು ಎರಡನ್ನೂ ಹೋಲಿಸಿ, ಕಿಟಕಿ ಎಷ್ಟು ಒಳಗಿದೆ, ಕಂಬ ಎಷ್ಟು ಮುಂದಿದೆ ಎಂದು ಲೆಕ್ಕ ಹಾಕುತ್ತದಂತೆ. ಸಿದ್ದಾಪುರದ ಪೇಟೆಯಲ್ಲಿ ಅವನು ಹೀಗೆ ಅಡ್ಡಡ್ಡ ನಡೆದಾಗ, ಅತಿಕ್ರಮಣದ ಅಳತೆಗೆ ಬಂದವನೆಂದು ಬಗೆದು ಅಂಗಡಿಯವರು ರಸ್ತೆಗೆ ಚಾಚಿದ್ದ ತಗಡು, ಬೋರ್ಡು, ಬಾಳೆಗೊನೆಗಳನ್ನೆಲ್ಲ ಒಳಗೆಳೆದುಕೊಂಡರು. ಅರ್ಧ ಗಂಟೆಯಲ್ಲಿ ಬೀದಿ ಎರಡು ಮಾರು ಅಗಲವಾಯಿತು! ಸಂತೋಷಪಡಬೇಕಾದ ಭಾವ ಅಳುಮುಖ ಮಾಡಿ, “ಮೊದ್ಲು ಇದ್ದ ಹಾಗೇ ಇಡಿ ಮಾರಾಯ್ರೆ, ಅರ್ಧ ಫೋಟೋ ತೆಗ್ದಾಗಿದೆ!” ಎಂದು ಅಂಗಡಿಯಿಂದ ಅಂಗಡಿಗೆ ಬೇಡುತ್ತ ಹೋದನಂತೆ.

ಯಲ್ಲಾಪುರದ ಲಾರಿ ಮಾಲೀಕ ಸಾಹೇಬರೊಬ್ಬರು ಸಜ್ಜನರು. ಅವರ ಹಳೆಯ ಮಹಡಿ ಮನೆ ಕಾಣಲೆಂದು ಎದುರಿದ್ದ ಲಾರಿಯನ್ನು ಸರಿಸಿಕೊಟ್ಟರು, ಕೂರಿಸಿ ಚಹ ಕೊಟ್ಟರು. ವಾರ ಬಿಟ್ಟು ಭಾವ ತಾನು ಎಬ್ಬಿಸಿದ ಮನೆಯನ್ನು ಅವರಿಗೆ ತೋರಿಸಿದ. ಮುಂಭಾಗ ನೋಡಿ ಸಾಹೇಬರು ಬೆರಗಾದರು. ಬೆರಳಿನಿಂದ ತಿರುಗಿಸಿದರು. ಹಿಂದುಗಡೆ ಏನೂ ಇರಲಿಲ್ಲ. ತಿಂದು ಬಿಟ್ಟ ಹಲಸಿನ ಸಿಪ್ಪೆಯಂತೆ ಮನೆ ಟೊಳ್ಳಾಗಿತ್ತು.

“ಏನ್ರೀ ಇದು, ನಮ್ ಅಡುಗೆಮನೆ ಎಲ್ಲಿ ಹೋಯ್ತು?”

“ರಸ್ತೆಯಿಂದ ಕಾಣ್ಲಿಲ್ಲ ಸಾಹೇಬ್ರೆ. ಕಾಣದ್ದು ಬರೋದಿಲ್ಲ.”

“ಹಂಗಾದ್ರೆ ಆವತ್ತು ನೀವು ಕುಡಿದ ಚಾ ಎಲ್ಲಿಂದ ಬಂತ್ರೀ?”

ಮೂವತ್ತೈದು ವರ್ಷ ದಸ್ತಾವೇಜು ಬರೆದವನು ನಾನು. ಪೂರ್ವಕ್ಕೆ ಇಂಥವರ ಗೋಡೆ, ಪಶ್ಚಿಮಕ್ಕೆ ಇಂಥವರ ಬಾವಿ ಎಂದು ನಾಲ್ಕು ದಿಕ್ಕಿನ ಚಕ್ಕುಬಂದಿ ಹಾಕದೆ ಒಂದು ಕೊಟ್ಟಿಗೆಯನ್ನೂ ಕೈಬದಲು ಮಾಡಿಸಿದವನಲ್ಲ. ಒಂದೇ ದಿಕ್ಕಿಗೆ ನಿಲ್ಲುವ ಮನೆಯನ್ನು ಮನೆ ಎನ್ನಲು ನನ್ನ ಮನಸ್ಸಾಕ್ಷಿ ಒಪ್ಪಲಿಲ್ಲ. ಹಾಗೆಂದು ಅವನ ಮುಖಕ್ಕೇ ಹೇಳಿದೆ. ಅದಕ್ಕೆ ಅವನು ಸೇಡು ತೀರಿಸಿಕೊಂಡ ಬಗೆ ಕೇಳಿ.

ನಮ್ಮಲ್ಲಿ ಸತ್ಯನಾರಾಯಣ ಕಥೆಯ ಊಟ ಮುಗಿದು ಹನ್ನೊಂದು ಜನ ಎಲೆಯಡಿಕೆಯ ಕವಳ ಹಾಕುತ್ತಿದ್ದರು (ಹನ್ನೊಂದೂ ಹೆಸರು ನನಗೆ ನೆನಪಿದೆ). ಭಾವ ಟಿ.ವಿ.ಗೆ ತಂತಿ ಸಿಕ್ಕಿಸಿ, ನನಗೊಂದು ಮಾತೂ ತಿಳಿಸದೆ ಎಬ್ಬಿಸಿದ್ದ ನಮ್ಮ ಮನೆಯನ್ನು ತೋರಿಸಿದ. ಜಗುಲಿ ಬಂತು, ಕೆತ್ತನೆಯ ಕಂಬ ಬಂತು. ಆ ಕಂಬದ ಮಧ್ಯದಿಂದ ನನ್ನ ತಲೆ ಹೊರಟಿತ್ತು! ಓದುತ್ತಿದ್ದ ಪತ್ರಿಕೆ ಗೋಡೆಯಿಂದ ಕೋರೆಹಲ್ಲಿನಂತೆ ಚಾಚಿತ್ತು. ಆರಾಮ ಕುರ್ಚಿಗೆ ಆರು ಕಾಲು. ಅವುಗಳಲ್ಲಿ ಎರಡು ನನ್ನವು.

“ಇದೆಂತ ಮಾಡಿಟ್ಟಿದ್ದೆ ಮಾರಾಯ?”

“ಆನೆಂತ ಮಾಡದು ಭಾವ? ಅಲ್ಲಾಡಿದ್ದೆಲ್ಲ ತಂತಾನೇ ಮಾಯ ಆಗ್ತು. ಹೋಪ ಜನ, ಬೈಕು, ನಾಯಿ, ಯಾವ್ದೂ ಬಿದ್ದಿದ್ದಿಲ್ಲೆ. ನಿಂಗ ಐವತ್ತು ಫೋಟೋದಲ್ಲೂ ಅಲ್ಲಾಡಿದ್ದೇ ಇಲ್ಲೆ. ಕಂಬ ಹೇಳಿ ತಿಳ್ಕಂಡು ಬಿಟ್ಟಿದ್ದು ಕಂಪ್ಯೂಟರು!”

ಎಲ್ಲರಿಗಿಂತ ಮೊದಲು ನಕ್ಕವಳು ನನ್ನ ಹೆಂಡತಿ. “ಅದಕ್ಕೆ ಎರಡೇ ದಿನದಲ್ಲಿ ಗೊತ್ತಾತು. ಯಂಗೆ ನಲವತ್ತು ವರ್ಷ ಬೇಕಾತು!”

ಆ ಕ್ಷಣವೇ ಆ ಮನೆಯನ್ನು ಫೋಟೋಗಳ ಸಮೇತ ಅಳಿಸಿ ಹಾಕಿಸಿದೆ. ನನ್ನ ಮನೆಯ ಎದುರು ಇನ್ನು ಮೊಬೈಲು ಎತ್ತಕೂಡದೆಂದು ಆಜ್ಞೆಯನ್ನೂ ಮಾಡಿದೆ.

ಎರಡು ತಿಂಗಳು ಕಳೆಯುವಷ್ಟರಲ್ಲಿ ರಸ್ತೆಯವರು ಬಂದು ನಮ್ಮ ಕಂಬಗಳ ಮೇಲೆ ಕೆಂಪು ಗೆರೆ ಎಳೆದು ಹೋದರು. ಗೆರೆಯಿಂದ ರಸ್ತೆಯ ಕಡೆಗಿನದೆಲ್ಲ ಎಂಟು ದಿನಗಳಲ್ಲಿ ನೆಲಕ್ಕೆ. ಮರುದಿನದಿಂದಲೇ ಭಾವ ಎದುರಿನ ಬಟ್ಟೆಯಂಗಡಿಯ ಮುಂದೆ ಬಂದು ನಿಲ್ಲತೊಡಗಿದ. ಆಜ್ಞೆ ಮೀರಿ ಮೊಬೈಲು ಎತ್ತಲಿಲ್ಲ, ಹೊರಟೂ ಹೋಗಲಿಲ್ಲ. ನಾನೇನು ಕಡಿಮೆಯೇ? ಕುರ್ಚಿಯನ್ನು ಕಂಬಕ್ಕೆ ಇನ್ನಷ್ಟು ಒತ್ತಿ ಹಾಕಿಕೊಂಡು, ಬೆಳಗಿನಿಂದ ಸಂಜೆಯವರೆಗೆ ಬೇಕೆಂದೇ ಅಲ್ಲಾಡದೆ ಕುಳಿತೆ. ಕದ್ದು ತೆಗೆದರೂ ನಾನಿಲ್ಲದ ಕಂಬ ಅವನಿಗೆ ದಕ್ಕಬಾರದು!

ಹೆಂಡತಿ ಸಂಧಾನಕ್ಕೆ ಬಂದಳು. “ಬಿಸಿಲಲ್ಲಿ ನಿಂತು ನಿಂತು ತಮ್ಮ ಕಪ್ಪಾಗೋದ. ತೆಕ್ಕಳ್ಲಿ ಬಿಡಿ.”

“ಮೊದಲು ಕ್ಷಮೆ ಕೇಳವು.”

“ಯಾರು ಕೇಳವು? ತಮ್ಮನೋ, ಕಂಪ್ಯೂಟರೋ?”

ಎಂಟನೆಯ ದಿನ ಬೆಳಿಗ್ಗೆ ಬೀದಿಯ ತುದಿಯಲ್ಲಿ ಕೆಡವುವ ಯಂತ್ರದ ಸದ್ದು ಕೇಳತೊಡಗಿತು. ಭಾವ ರಸ್ತೆ ದಾಟಿ ಬಂದ.

“ಭಾವ, ಬೈಯದಾದ್ರೆ ಆಮೇಲೆ ಬೈಯಿ. ಈಗೊಂದು ಹತ್ತು ನಿಮಿಷ ಎದ್ದು ಬದಿಗೆ ನಿಂತ್ಕಳಿ.”

“ಯನ್ನ ಜಗುಲಿ ಬಿದ್ರೆ ನಿಂಗೆಂತಕ್ಕೆ ಇಷ್ಟು ಸಂಕಟ?”

ಅವನು ಅಂಗಿಯ ಕಿಸೆಯಿಂದ ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿದ ಒಂದು ಹಳೆಯ ಫೋಟೋ ತೆಗೆದ. ನನ್ನ ಮದುವೆಯ ದಿನದ್ದು. ಕಾಳಿ ನದಿಯ ದಂಡೆಯಲ್ಲಿದ್ದ ಅವರ ಮನೆಯ ಬಾಗಿಲೆದುರು ನಾನೂ ನನ್ನ ಹೆಂಡತಿಯೂ ನಿಂತಿದ್ದೇವೆ. ಆ ಮನೆ ಈಗ ಆಣೆಕಟ್ಟಿನ ಹಿನ್ನೀರಿನ ಅಡಿಯಲ್ಲಿದೆ.

“ಯಂಗ್ಳ ಮನೆದು ಇದೊಂದೇ ಫೋಟೋ ಉಳದ್ದು. ಕಂಪ್ಯೂಟರಿಗೆ ಎಷ್ಟು ಸಲ ಹಾಕಿದ್ರೂ ಕಾಗದದ ಹಾಂಗೆ ಚಪ್ಪಟೆ ನಿಲ್ತು, ಏಳ್ತೇ ಇಲ್ಲೆ. ಒಂದ್ರಿಂದ ಆಗ್ತಿಲ್ಲೆ ಭಾವ. ಮನೆ ಕಣ್ಣಿಗೆ ಬತ್ತು, ಅಳತೆ ಬತ್ತಿಲ್ಲೆ.” ನಮ್ಮ ಕಂಬದತ್ತ ಕೈ ತೋರಿಸಿ ಹೇಳಿದ: “ನಿಂಗ್ಳ ಜಗುಲಿಗೆ ಹಾಂಗೆ ಆಗದು ಬ್ಯಾಡ.”

ನಾನು ಎದ್ದೆ. ಕುರ್ಚಿಯನ್ನು ಒಳಗೆಳೆದುಕೊಂಡೆ. ಅವನು ಅಡ್ಡಡ್ಡ ಹೆಜ್ಜೆ ಹಾಕುತ್ತ ಐವತ್ತು ಫೋಟೋ ತೆಗೆಯುವವರೆಗೆ ಕೊಡೆ ಅಡ್ಡ ಹಿಡಿದು ನಡುರಸ್ತೆಯಲ್ಲಿ ಬೈಕುಗಳನ್ನು ತಡೆದು ನಿಂತೆ. ಆಮೇಲೆ ಆ ಹಳೆಯ ಫೋಟೋವನ್ನು ಅವನ ಕೈಯಿಂದ ಇಸಿದುಕೊಂಡೆ.

“ಬರ್ಕ. ಈ ಬಾಗಿಲು ಐದಡಿ ಎರಡಂಗುಲ. ಆನು ಐದಡಿ ನಾಲ್ಕಂಗುಲ. ಹೆಣ್ಣು ನೋಡಲೆ ಬಂದ ದಿನ ಇದೇ ಮೇಲ್ಪಟ್ಟಿ ಯನ್ನ ಹಣೆಗೆ ಹೊಡದ್ದು. ಮೇಲಿಂದ ಯಾರೋ ಕಿಸಕ್ಕನೆ ನಕ್ಕಿದ್ದ. ಮರೆತಿದ್ನಿಲ್ಲೆ!”

ಭಾವ ಗಡಿಬಿಡಿಯಿಂದ ಪೆನ್ನು ಹುಡುಕಿದ. ನಾನು ನಿಲ್ಲಲಿಲ್ಲ. ಹೊಳೆಗೆ ಇಳಿಯುವ ಮೆಟ್ಟಿಲು ಒಂಬತ್ತು. ಒಂಬತ್ತನೆಯದು ಸಡಿಲವೆಂದು ಹೊಸ ಅಳಿಯನಿಗೆ ಒಬ್ಬರೂ ಹೇಳಿರಲಿಲ್ಲ. ಹಿಂದಿನ ಜಗುಲಿಯಲ್ಲಿ ಹದಿನಾರು ಊಟದ ಎಲೆ ಹಿಡಿಯುತ್ತಿತ್ತು; ಹದಿನಾರನೆಯದು ನನ್ನದು. ಅಲ್ಲಿಂದ ಬಚ್ಚಲ ಒಲೆಗೆ ನಾಲ್ಕೇ ಅಡಿ, ಹೊಗೆ ಕುಡಿದೇ ಹೋಳಿಗೆ ತಿಂದೆ. ನನಗೆ ಹಾಸಿಗೆ ಹಾಸಿಕೊಟ್ಟ ಕೋಣೆ ಕಾಲು ಚಾಚಿದರೆ ಅಂಗುಷ್ಠ ಗೋಡೆಗೆ ತಾಗುವಷ್ಟು. ಒಂದೊಂದು ಅವಮಾನಕ್ಕೆ ಒಂದೊಂದು ಗೋಡೆಯಂತೆ ಮನೆ ಏಳುತ್ತ ಹೋಯಿತು. ಭಾವ ಬರೆಯುತ್ತಲೇ ಇದ್ದ. ಕನ್ನಡಕ ಒರೆಸಿಕೊಳ್ಳಲೂ ಪುರಸೊತ್ತಿರಲಿಲ್ಲ.

“ಮಾಳಿಗೆ?” ಎಂದ.

ಕೈಯಲ್ಲಿದ್ದುದನ್ನು ಬಗ್ಗಿ ನೋಡಿದೆ. ಫೋಟೋ ನಮ್ಮ ತಲೆಯ ಮೇಲೆ ಒಂದು ಗೇಣಿಗೆ ಮುಗಿದಿತ್ತು. ಮಾಳಿಗೆಗೆ ನನ್ನನ್ನು ಯಾರೂ ಕರೆದಿರಲಿಲ್ಲ. ಅಲ್ಲಿ ನನಗೆ ಯಾರೂ ಏನೂ ಅಂದಿರಲಿಲ್ಲ. ಆ ಮನೆಯವರು ನನ್ನನ್ನು ಇನ್ನೊಂದಿಷ್ಟು ಅವಮಾನಿಸಬಾರದಿತ್ತೇ ಎಂದು ಜೀವನದಲ್ಲಿ ಮೊದಲ ಬಾರಿಗೆ ಕೊರಗಿದೆ.

ಬಾಗಿಲಲ್ಲಿ ನಿಂತಿದ್ದ ಹೆಂಡತಿ ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತ ಹೊರಗೆ ಬಂದಳು. “ಮಾಳಿಗೆದು ಆನು ಹೇಳ್ತೆ ತಮ್ಮ. ಬಾಗಿಲ ನೆತ್ತಿ ಮೇಲೇ ಒಂದು ಕಿಟಕಿ ಇತ್ತು, ತಲೆ ಒಂದು ಹಿಡಿವಷ್ಟು. ಇವು ಹಣೆ ಬಡಸ್ಕಂಡಾಗ ಅಲ್ಲಿಂದ ನಕ್ಕಿದ್ದು ಆನೇಯ.”

ನಲವತ್ತು ವರ್ಷಗಳಿಂದ ನಾನು ಹುಡುಕುತ್ತಿದ್ದ ಅಪರಾಧಿ ಸಿಕ್ಕಿದ್ದಳು. ಭಾವ ಪೆನ್ನು ಹಿಡಿದು ನನ್ನ ಮುಖ ನೋಡಿದ.

“ನೋಡ್ತೆ ಎಂತದು?” ಎಂದೆ. “ಕಿಟಕಿ ಬರ್ಕ.”