ಕತ್ತಿವರಸೆಯ ಪಂದ್ಯದಲ್ಲಿ ನನ್ನ ಒಂದು ಮತ

‘ಗೊತ್ತಿಲ್ಲ’ ಎಂಬ ಮಾತು ನನ್ನ ಬಾಯಿಂದ ಬಂದದ್ದು ಕಡಿಮೆ. ಬಿ.ಎ. ಓದಿದವನು ಹಾಗೆಂದರೆ ಜನ ವಿನಯ ಅನ್ನುತ್ತಾರೆ. ಐದನೇ ಕ್ಲಾಸಿಗೇ ಶಾಲೆ ಬಿಟ್ಟ ನನ್ನಂಥವನು ಅಂದರೆ ‘ಪಾಪ’ ಅನ್ನುತ್ತಾರೆ. ಆದ್ದರಿಂದ ನಾನು ಕಂಡಿರದ ಊರುಗಳಿಗೂ ದಾರಿ ಹೇಳಿದ್ದೇನೆ.

ಎಪ್ಪತ್ತರ ದಶಕದ ಕೊನೆಗೆ ನಮ್ಮ ದೊಡ್ಡಬಳ್ಳಾಪುರದಲ್ಲಿ ಕತ್ತಿವರಸೆಯ ಪಂದ್ಯ ನಡೆಯಿತು. ಮೊನೆ ತಗುಲಿದರೆ ದೀಪ ಹತ್ತುವ ಯಂತ್ರ ಬೇರೆಲ್ಲೋ ಇತ್ತಂತೆ. ನಮ್ಮಲ್ಲಿ ಮನುಷ್ಯರ ಕಣ್ಣೇ ಗತಿ. ಮೂಲೆಗೊಬ್ಬರಂತೆ ನಾಲ್ವರು ತೀರ್ಪುಗಾರರು, ನಡುವೆ ಒಬ್ಬ ಅಧ್ಯಕ್ಷರು. ತೀರ್ಪುಗಾರರಲ್ಲಿ ಒಬ್ಬರು ಬರಲಿಲ್ಲ. ಹುಡುಗರಿಗೆ ಈ ವಿದ್ಯೆ ಕಲಿಸುತ್ತಿದ್ದ ಮೇಷ್ಟರು ನಮ್ಮ ಮಗ್ಗದ ಮನೆಗೇ ಬಂದು, “ಓಡೋ ಮಗ್ಗದಲ್ಲಿ ಎಳೆ ಕಡಿದರೆ ಬಾಗಿಲಿಂದಲೇ ಹೇಳ್ತೀಯಲ್ಲ, ಬಾರಯ್ಯಾ” ಎಂದು ಎಳೆದೊಯ್ದರು.

ಅಲ್ಲಿನ ಏರ್ಪಾಡು ಕಂಡು ಬೆರಗಾದೆ. ಒಬ್ಬೊಬ್ಬ ಆಟಗಾರನ ಮೈಮೇಲೆ ಇಬ್ಬಿಬ್ಬರು ತೀರ್ಪುಗಾರರ ಕಣ್ಣು. ಅಧ್ಯಕ್ಷರು ಮೊದಲು ಅವರನ್ನು ಕೇಳಿ ತಮ್ಮ ಮಾತನ್ನು ಕೊನೆಗೆ ಹೇಳಬೇಕು. ತೀರ್ಪುಗಾರನದು ಒಂದು ಮತ, ಅಧ್ಯಕ್ಷರದು ಒಂದೂವರೆ. ಅಂದರೆ ನಮ್ಮಂಥ ಇಬ್ಬರು ಒಂದಾದರೆ ಆ ಮಿಲಿಟರಿ ಮೀಸೆಯ ಅಧ್ಯಕ್ಷರೂ ತೆಪ್ಪಗಿರಬೇಕು! ಇಂಥ ನ್ಯಾಯ ಯಾವ ಪಂಚಾಯ್ತಿಯಲ್ಲಿದೆ ಹೇಳಿ. ಅದಕ್ಕಿಂತ ದೊಡ್ಡದೆಂದರೆ, ‘ಕಾಣಲಿಲ್ಲ’ ಅನ್ನುವುದೂ ಅಲ್ಲಿ ಸಲ್ಲುವ ಉತ್ತರ; ಆ ಮತ ಯಾರ ಲೆಕ್ಕಕ್ಕೂ ಸೇರುವುದಿಲ್ಲ, ಅಷ್ಟೆ. ಯಾರೂ ನಗುವುದಿಲ್ಲ.

ಕೊನೆಯ ಪಂದ್ಯ. ನಮ್ಮ ಬೀದಿಯ ಪುಟ್ಟರಾಜುವಿಗೆ ಎದುರಾಗಿ ಬೆಂಗಳೂರಿನವನೊಬ್ಬ. ಇಬ್ಬರದೂ ನಾಲ್ಕು ನಾಲ್ಕು. ಇನ್ನೊಂದು ಏಟು ಹೊಡೆದವನು ಗೆದ್ದ. ಬೆಂಗಳೂರಿನವನು ಚಿರತೆಯಂತೆ ಎರಗಿದ. “ನಿಲ್ಲಿ!” ಎಂದರು ಅಧ್ಯಕ್ಷರು. ಪುಟ್ಟರಾಜುವಿಗೆ ತಗುಲಿತೇ? ಅವನ ಮೈಮೇಲೆ ಕಣ್ಣಿಟ್ಟವರು ನಾನು ಮತ್ತು ಇನ್ನೊಬ್ಬರು. ಆ ಇನ್ನೊಬ್ಬರು “ಇಲ್ಲ” ಎಂದರು. ನಾನೂ ಇಲ್ಲವೆಂದರೆ ಏಟು ರದ್ದು, ನಮ್ಮವನು ಉಳಿದ. ಬೀದಿಯವರು ಹಿಂದಿನಿಂದ, “ಇಲ್ಲ ಅನ್ನಣ್ಣೋ! ಬಾಯಲ್ಲಿ ಕಡುಬಿಟ್ಕೊಂಡಿದ್ದೀಯಾ?” ಎಂದು ಕೂಗಿದರು.

“ಕಾಣಲಿಲ್ಲ ಸಾರ್” ಎಂದೆ. ನಾಲಿಗೆಗೆ ಹೊಸ ಮಾತು, ತೊದಲಿತು.

“ತಗುಲಿದೆ” ಎಂದರು ಅಧ್ಯಕ್ಷರು. ಒಂದರ ಮುಂದೆ ಒಂದೂವರೆ, ಪುಟ್ಟರಾಜು ಸೋತ. ಬೀದಿಯವರು ನನ್ನನ್ನು ಹರಿದು ತಿನ್ನುವ ಹಾಗೆ ನೋಡಿದರು. ಅವನೋ ಮುಖದ ಜಾಲರಿ ತೆಗೆದು, ಪಕ್ಕೆ ಉಜ್ಜಿಕೊಳ್ಳುತ್ತಾ, “ತಗುಲ್ತು ಕಣಣ್ಣಾ, ಇನ್ನೂ ಚುರುಗುಟ್ತಿದೆ” ಎಂದು ನಕ್ಕು, ಗೆದ್ದವನ ಕೈ ಕುಲುಕಿದ. ಸೋತು ಹೀಗೆ ನಗುವವರನ್ನು ನಾನು ಕಂಡಿರಲಿಲ್ಲ.

ಅಧ್ಯಕ್ಷರು ನನ್ನ ಬೆನ್ನು ತಟ್ಟಿ, “ಊರಿನವನು ಅಂತ ನೋಡದೆ ಸತ್ಯ ಹೇಳಿದಿರಿ. ಈ ಎದೆಗಾರಿಕೆ ಓದಿದವರಲ್ಲೂ ಇಲ್ಲ” ಎಂದರು. ನಾನು ಇಲ್ಲವೆನ್ನಲಿಲ್ಲ. ಕತ್ತಿ ‘ಸುಂಯ್’ ಎಂದಾಗ ಹೆದರಿ ಎರಡೂ ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡಿದ್ದೆನಲ್ಲ, ಅದನ್ನು ಕೇಳುವ ನಿಯಮ ಅವರ ಪುಸ್ತಕದಲ್ಲಿರಲಿಲ್ಲ.