ಬಾಯಿ ತುಂಬಾ ಹೀಬ್ರೂ

ಒಸಾಕಾ ಶಾಖೆಯ ಮುಖ್ಯಸ್ಥನ ಕುರ್ಚಿ ಖಾಲಿಯಾದ ಸುದ್ದಿ ಬಂದದ್ದೇ ತಡ, ಮುಕುಂದನಿಗೆ ಭಕ್ತಿ ಉಕ್ಕಿತು. ಉಕ್ಕಲಿ, ಯಾರೂ ಬೇಡವೆನ್ನುವುದಿಲ್ಲ. ಆದರೆ ಅದು ಹೀಬ್ರೂ ಭಾಷೆಯಲ್ಲಿ ಉಕ್ಕಿತಲ್ಲ! ಕುರ್ಚಿ ಯಾರಿಗೆಂದು ತೀರ್ಮಾನಿಸಬೇಕಾದವನು ಮುಕುಂದ ಕೆಲಸ ಮಾಡುವ ಶಿನಾಗಾವಾ ಆಫೀಸಿನ ಬಾಸ್ ಯೊನಾತಾನ್. ಇಸ್ರೇಲಿನವನು, ಮಹಾ ಆಚಾರವಂತ. ಭಾನುವಾರ ಮಧ್ಯಾಹ್ನ ಗಂಡಹೆಂಡಿರಿಬ್ಬರನ್ನೂ ಮನೆಗೆ ಊಟಕ್ಕೆ ಕರೆದಿದ್ದ.

"ಹಣ್ಣಿಗೊಂದು, ರೊಟ್ಟಿಗೊಂದು, ದ್ರಾಕ್ಷಾರಸಕ್ಕೊಂದು ಮಂತ್ರ ಇದೆ ಕಣೇ. ಎಲ್ಲಾ ಬಾಯಿಪಾಠ ಮಾಡಿದೀನಿ," ಎಂದ ಮುಕುಂದ, ಕನ್ನಡಿಯ ಮುಂದೆ ನಿಂತು. "ಹೀಬ್ರೂ ಅಂದ್ರೆ ನಮ್ಮ ಸಂಸ್ಕೃತ ಇದ್ದ ಹಾಗೆ. ದೇವಭಾಷೆ! ಬಾಸ್ ಕರಗಿ ನೀರಾಗ್ತಾನೆ, ನೋಡ್ತಿರು."

"ರಿವ್ಕಾ ಆ ದೇವಭಾಷೇಲೇ ಮಗನ ಮೂಗು ಒರೆಸ್ತಾಳೆ ರೀ," ಎಂದಳು ಹೆಂಡತಿ ವೇದವಲ್ಲಿ.

"ನಿನ್ನ ಪಾರ್ಕಿನ ಹೀಬ್ರೂ ಅಲ್ಲಿ ಬಿಚ್ಚಬೇಡ, ಪುಣ್ಯಾತ್ಗಿತ್ತಿ!"

(ರಿವ್ಕಾ ಎಂದರೆ ಯೊನಾತಾನನ ಹೆಂಡತಿ. ಭೂಕಂಪದ ದಿನ ಮನೆ ಹತ್ತಿರದ ಫುನಾಬೊರಿಯ ಪಾರ್ಕಿಗೆ ಓಡಿಬಂದ ಈ ಇಬ್ಬರು ಹೆಂಗಸರು ಒಂದೇ ಕಂಬಳಿ ಹೊದ್ದು, ಅದುರುವ ನೆಲದ ಮೇಲೆ ಸಂಜೆಯತನಕ ಕೂತಿದ್ದರು. ಅಂದಿನಿಂದ ಅದೇ ಪಾರ್ಕಿನಲ್ಲಿ ರಿವ್ಕಾಳ ಮಗನನ್ನು ಆಡಿಸುತ್ತಾ ವೇದವಲ್ಲಿ ಹೀಬ್ರೂ ಮಾತು ಕಲಿತುಬಿಟ್ಟಿದ್ದಳು. ಆ ಕಂಬಳಿಯೊಳಗೆ ಬೆಚ್ಚಗೆ ಹುಟ್ಟಿದ ಸ್ನೇಹವನ್ನು ಬಿಟ್ಟು ಒಸಾಕಾಕ್ಕೆ ಹೋಗಲು ವೇದವಲ್ಲಿಗೆ ಸುತರಾಂ ಇಷ್ಟವಿರಲಿಲ್ಲ. ಗಂಡನಿಗೆ ಹೇಳಿಯೂ ಇದ್ದಳು. ಗಂಡ ಆಗ ಮಂತ್ರ ಕಲಿಯುತ್ತಿದ್ದ.)

ಭಾನುವಾರ ಬಂತು. ತಟ್ಟೆಯಲ್ಲಿ ಖರ್ಜೂರ ಕಂಡದ್ದೇ ಮುಕುಂದ ಕಣ್ಣುಮುಚ್ಚಿ, ಪುರೋಹಿತರ ಗತ್ತಿನಲ್ಲಿ "ಬಾರೂಖ್ ಅತಾ..." ಎಂದು ಮಂತ್ರ ಶುರುಮಾಡಿ ಕೊನೆಮುಟ್ಟಿಸಿದ. ಯೊನಾತಾನ್ ಬೆರಗಾದ. ರಿವ್ಕಾ ಅವಸರವಸರವಾಗಿ ಒಂದು ಖರ್ಜೂರವನ್ನು ಅತಿಥಿಯ ಕೈಗಿಟ್ಟಳು.

"ತಿನ್ನಿ, ತಿನ್ನಿ! ಹೇಳಿದ ಕೂಡಲೇ ತಿನ್ನಬೇಕು. ದೇವರ ಹೆಸರು ಸುಮ್ಮನೆ ಹೇಳಿದ ಹಾಗಾಗಬಾರದು," ಎಂದಳು ಇಂಗ್ಲಿಷಿನಲ್ಲಿ.

ತಿಂದ. ಒಸಾಕಾದ ಮಾತೆತ್ತುವ ಮುನ್ನ ಬಾಸ್ ಇನ್ನಷ್ಟು ಕರಗಲೆಂದು ದ್ರಾಕ್ಷಾರಸದ ಮಂತ್ರ ಬಿಟ್ಟ. ತುಂಬಿದ ಲೋಟ ಬಂತು. ಕುಡಿದ. ಕೈ ತೊಳೆದು ಬಂದು ರೊಟ್ಟಿಯ ಮಂತ್ರವನ್ನೂ ರಾಗವಾಗಿ ಹೇಳಿದ. ಉಪ್ಪಿನಲ್ಲಿ ಅದ್ದಿದ ಅಂಗೈಯಗಲದ ತುಂಡು ಬಂತು. ಅದನ್ನು ಅಷ್ಟೂ ಬಾಯಿಗೆ ತುರುಕಿಕೊಂಡ, ಭಕ್ತಿ ಕಾಣಲೆಂದು.

ಸರಿಯಾಗಿ ಆಗಲೇ ಯೊನಾತಾನ್ ಕೇಳಿದ: "ಮುಕುಂದ್, ಒಸಾಕಾಕ್ಕೆ ಹೋಗ್ತೀಯಾ?"

ಮುಕುಂದನ ಕಣ್ಣು ಅರಳಿತು, ರೊಟ್ಟಿ ತುಂಬಿದ ಬಾಯಿ ಮಾತ್ರ ಅರಳಲಿಲ್ಲ. ವೇದವಲ್ಲಿ ಒಮ್ಮೆ ಗಂಡನನ್ನು ನೋಡಿದಳು. ಆಮೇಲೆ ಬಾಸ್ ಕಡೆ ತಿರುಗಿ, ಮಗುವನ್ನು ಜಾರುಬಂಡೆಯಿಂದ ಇಳಿಸುವಷ್ಟು ಸಲೀಸಾಗಿ, ಹೀಬ್ರೂನಲ್ಲಿ ಏನೋ ಹೇಳಿದಳು. ರಿವ್ಕಾ ಚಪ್ಪಾಳೆ ತಟ್ಟಿದಳು. ಯೊನಾತಾನ್ "ಹೌದಾ?" ಎಂಬಂತೆ ಮುಕುಂದನತ್ತ ನೋಡಿದ. ಮುಕುಂದ ಸಿಕ್ಕಿದ್ದೇ ಅವಕಾಶವೆಂದು ಜೋರಾಗಿ ತಲೆಯಾಡಿಸಿದ. ಇನ್ನೊಮ್ಮೆಯೂ ಆಡಿಸಿದ.

ಮನೆಗೆ ನಡೆದು ಬರುವಾಗ ಕೇಳಿದ: "ಅದೇನೇ ಹೇಳಿದೆ? ಹಣ್ಣೂ ಇರಲಿಲ್ಲ, ರೊಟ್ಟೀನೂ ಇರಲಿಲ್ಲ ಅದರಲ್ಲಿ!"

"ಇವರಿಗೆ ಒಸಾಕಾ ಬೇಡ, ನಾವು ಇಲ್ಲೇ ಚೆನ್ನಾಗಿದೀವಿ ಅಂದೆ."

"ಅಯ್ಯೋ! ನಾನು ತಲೆ ಆಡಿಸಿದ್ನಲ್ಲೇ!"

"ಎರಡೆರಡು ಸಲ! ಗಂಡಹೆಂಡತಿ ಎಷ್ಟು ಹೊಂದಿಕೊಂಡಿದಾರೆ ಅಂತ ಬಾಸ್‌ಗೆ ತುಂಬಾ ಖುಷಿಯಾಯ್ತು."

ಮುಕುಂದ ರಸ್ತೆಯ ನಡುವೆಯೇ ನಿಂತುಬಿಟ್ಟ. ವೇದವಲ್ಲಿ ಅವನ ಶರ್ಟಿನ ಮೇಲಿದ್ದ ರೊಟ್ಟಿಯ ಪುಡಿಯನ್ನು ಮೆಲ್ಲಗೆ ಕೊಡವಿದಳು.

"ಬೇಜಾರು ಮಾಡ್ಕೋಬೇಡಿ. ಮುಂದಿನ ತಿಂಗಳು ರಿವ್ಕಾಳ ಅಪ್ಪ ಬರ್ತಾರಂತೆ, ನಿಮ್ಮ ಮಂತ್ರ ಎಲ್ಲಾ ಕೇಳಬೇಕಂತೆ. ಅವತ್ತು ಬೆಳಗ್ಗೆ ತಿಂಡಿ ತಿನ್ನಬೇಡಿ."